ಗಾಡಿ ಹೋಗದ ಇಳಿಜಾರಿನಲ್ಲಿ 24 ಗುಂಡಿ

ಟಾರು ಮುಗಿದ ಮೇಲೆ ನಾಲ್ಕು ಕಿಲೋಮೀಟರ್ ಕಚ್ಚಾ ರಸ್ತೆ, ಅದೂ ಮುಗಿದ ಮೇಲೆ ಎರಡೂವರೆ ಕಿಲೋಮೀಟರ್ ಕಾಲುದಾರಿ. ಕೊನೆಯ ಅರ್ಧ ಕಿಲೋಮೀಟರಿನಲ್ಲಿ ದಾರಿ ಅನ್ನುವುದೇ ಇರಲಿಲ್ಲ, ಕುರಿ ಹೆಜ್ಜೆಯ ಗುರುತು ಮಾತ್ರ. ಬರಿಗೈಲಿ ಹತ್ತಿದರೆ 50 ನಿಮಿಷ, ಹೊರೆ ಇದ್ದರೆ ಒಂದೂಕಾಲು ತಾಸು. ಹೋದವರು ಮೂರು ಜನ. ಮಾಡಬೇಕಿದ್ದ ಕೆಲಸ ಇಷ್ಟೆ: ಮಳೆಗಾಲಕ್ಕೆ ಮೊದಲು 24 ಸಸಿಗೆ ನೆಲ ತಯಾರು ಮಾಡಿಟ್ಟು ಬರುವುದು. ನೀರಿಲ್ಲ, ವಿದ್ಯುತ್ತಿಲ್ಲ, ವಾರಕ್ಕೊಮ್ಮೆ ಹೋಗಿ ನೋಡಿ ಬರುವ ಅನುಕೂಲವೂ ಇಲ್ಲ.

ಜಮೀನಿನವರ ಒಪ್ಪಿಗೆಯನ್ನು ಕಾಗದದಲ್ಲಿ ಬರೆಸಿಕೊಂಡಿದ್ದೆವು. ಯಾರೂ ಓಡಾಡದ ಜಾಗ ಅಂದರೆ ಯಾರದ್ದೂ ಅಲ್ಲದ ಜಾಗ ಅಂತ ಅರ್ಥವಲ್ಲ. ಇನ್ನೊಂದನ್ನೂ ಮೊದಲೇ ನೋಡಿಕೊಂಡಿದ್ದೆವು: ಅದು ಮೊದಲಿಂದಲೂ ಹುಲ್ಲುಗಾವಲೋ, ಮರ ಕಳೆದುಕೊಂಡ ನೆಲವೋ ಎಂದು. ಹಳೆಯ ಬೊಡ್ಡೆಗಳು ಸಿಕ್ಕವು, ಅವುಗಳ ಬುಡದಲ್ಲಿ ಚಿಗುರೂ ಇತ್ತು. ಸಹಜ ಹುಲ್ಲುಗಾವಲಾಗಿದ್ದರೆ ವಾಪಸ್ ಬರುತ್ತಿದ್ದೆವು. ಅಲ್ಲಿ ಮರ ನೆಡುವುದು ಉಪಕಾರವಲ್ಲ.

ಮೊದಲ ದಿನ

ಹೊರೆ ಕಟ್ಟುವಾಗಲೇ ಅರ್ಧ ಕೆಲಸ ತೀರ್ಮಾನವಾಗುತ್ತದೆ. ಐದು ಅಡಿಯ ಹಾರೆ ಒಂದು, ಪಿಕಾಸಿ ಒಂದು, ಗುದ್ದಲಿ ಎರಡು, ಕುಡುಗೋಲು, ಅದನ್ನು ಮಸೆಯಲು ಅರ, ಬಾಂಡ್ಲಿ ಎರಡು, 30 ಮೀಟರ್ ಹಗ್ಗ, ಅಳತೆ ಟೇಪು, ಖಾಲಿ ಚೀಲ ಆರು, 3×4 ಮೀಟರಿನ ಟಾರ್ಪಾಲು. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್. ಬಿಸಿಲಲ್ಲಿ ಅಗೆಯುವವರಿಗೆ ಇದಕ್ಕಿಂತ ಕಡಿಮೆ ಸಾಲದು. ಮಣ್ಣಿನ ಪರೀಕ್ಷೆಗೆಂದೇ ಬೇರೆ 10 ಲೀಟರ್. ಸಲಿಕೆಯನ್ನು ಬಿಟ್ಟೆವು, ಏಕೆಂದರೆ ಗುದ್ದಲಿಯಿಂದ ಬಾಂಡ್ಲಿಗೆ ಎಳೆದರೆ ಅದೇ ಕೆಲಸ ಆಗುತ್ತದೆ. ಮಟ್ಟ ನೋಡುವ ಉಪಕರಣವನ್ನೂ ಬಿಟ್ಟೆವು, ಅದನ್ನು ಅಲ್ಲೇ ಕಟ್ಟಿಕೊಳ್ಳಬಹುದು.

ಗೊಬ್ಬರದ ಲೆಕ್ಕ ಮಾತ್ರ ಸ್ವಲ್ಪ ಸೂಕ್ಷ್ಮ. ಹಸಿ ಸಗಣಿಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಅದನ್ನು ಬೆಟ್ಟಕ್ಕೆ ಹೊರುವುದೆಂದರೆ ನೀರನ್ನೇ ಹೊತ್ತಂತೆ, ಆದರೆ ಕುಡಿಯಲು ಬಾರದ ನೀರು. ಮೇಲಾಗಿ ಹಸಿ ಗೊಬ್ಬರ ಗುಂಡಿಯೊಳಗೆ ಕಾವು ಏರಿ ಎಳೆ ಬೇರನ್ನು ಸುಡುತ್ತದೆ, ಗೊಣ್ಣೆಹುಳವನ್ನೂ ಕರೆಯುತ್ತದೆ. ಪೂರ್ತಿ ಕಳಿತ ಗೊಬ್ಬರವನ್ನು ನೆರಳಲ್ಲಿ ಹರಡಿ ಒಣಗಿಸಿ ಜರಡಿ ಹಿಡಿದುಕೊಂಡಿದ್ದೆವು. ಗುಂಡಿಗೆ 2 ಕಿಲೋದಂತೆ 48 ಕಿಲೋ. ಒಬ್ಬೊಬ್ಬರು ದಿನಕ್ಕೆ 8 ಕಿಲೋ ಹೊತ್ತರೆ ಎರಡು ದಿನದಲ್ಲಿ ಮೇಲೆ ಸೇರುತ್ತದೆ. ಒಂದೇ ದಿನ ಮುಗಿಸಿಬಿಡೋಣ ಅಂತ 16 ಕಿಲೋ ಹೊತ್ತವರು ಮಧ್ಯಾಹ್ನ ಹಾರೆ ಎತ್ತಲಾರರು.

ಮೇಲೆ ತಲುಪಿದಾಗ ಒಂಬತ್ತು ಗಂಟೆ. ಇಳಿಜಾರು ವಿಶಾಲವಾಗಿದೆ, ಎಲ್ಲಿ ಬೇಕಾದರೂ ಅಗೆಯಬಹುದು ಅನ್ನಿಸುತ್ತದೆ. ಹಾಗೆ ಅನ್ನಿಸುವುದೇ ಅಪಾಯ. ನೆತ್ತಿಯ ಕಡೆ ಮಣ್ಣು ತೆಳು, ಕೊಚ್ಚಿ ಹೋದದ್ದೆಲ್ಲ ಕೆಳಗಿನ ಮೂರನೇ ಒಂದು ಭಾಗದಲ್ಲಿ ಬಂದು ಕೂತಿರುತ್ತದೆ. ಉಬ್ಬಿದ ಕಡೆಗಿಂತ ತಗ್ಗಾಗಿ ಬಾಗಿದ ಕಡೆ ಮಣ್ಣೂ ಹೆಚ್ಚು, ತೇವವೂ ಹೆಚ್ಚು. ಬೇಸಿಗೆ ಮುಗಿಯುತ್ತಾ ಬಂದಿದ್ದರಿಂದ ಹುಲ್ಲೇ ಹೇಳುತ್ತಿತ್ತು: ಎಲ್ಲ ಕಡೆ ಹುಲ್ಲು ಬೆಳ್ಳಗೆ ಒಣಗಿದ್ದರೂ ಎರಡು ಪಟ್ಟಿಗಳಲ್ಲಿ ಬುಡ ಇನ್ನೂ ಹಸಿರಾಗಿತ್ತು. ಜಾಗ ನೋಡಲು ಮಳೆಗಾಲದಲ್ಲಿ ಹೋಗಬೇಡಿ, ಆಗ ಎಲ್ಲವೂ ಹಸಿರು, ಯಾವುದೂ ಏನನ್ನೂ ಹೇಳುವುದಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಮಗ್ಗುಲನ್ನೂ ಬಿಟ್ಟೆವು. ಮಧ್ಯಾಹ್ನದ ನಂತರದ ಬಿಸಿಲು ಬೀಳುವ ಕಡೆ ನೆಲ ಬೇಗ ಒಣಗುತ್ತದೆ.

ಆಮೇಲೆ ಹಾರೆ ಹಿಡಿದು ಎರಡೆರಡು ಮೀಟರಿಗೆ ಕುಟ್ಟುತ್ತಾ ನಡೆದೆವು. ಧಪ್ ಅಂದರೆ ಮಣ್ಣು, ಕರಕರ ಅಂದರೆ ಗರಸು, ಠಣ್ ಅಂದರೆ ಬಂಡೆ. ಠಣ್ ಅಂದ ಕಡೆ ಪಕ್ಕದಲ್ಲೇ ಇನ್ನೆರಡು ಸಲ ಕುಟ್ಟಬೇಕು. ಬಿಡಿ ಕಲ್ಲಾದರೆ ಒಂದು ಗೇಣು ಆಚೆ ಸದ್ದು ಬದಲಾಗುತ್ತದೆ, ಹಾಸುಬಂಡೆಯಾದರೆ ಬದಲಾಗುವುದಿಲ್ಲ.

ಮಣ್ಣಿನ ಗುಣ ನೋಡಲು ಬೇಕಾದ್ದು ಒಂದು ಹಿಡಿ ಮಣ್ಣು, ಒಂದು ಗುಟುಕು ನೀರು. ಕಲ್ಲು ಬೇರು ಆರಿಸಿ, ಹಿಟ್ಟಿನ ಹಾಗೆ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿಯಂತೆ ಒತ್ತುತ್ತಾ ಹೊರಗೆ ಬಿಡಬೇಕು. ಪಟ್ಟಿ ಆಗುವುದೇ ಇಲ್ಲ ಅಂದರೆ ಮರಳು. ಎರಡೂವರೆ ಸೆಂಟಿಮೀಟರಿನೊಳಗೆ ಮುರಿದರೆ ಹದವಾದ ಮಣ್ಣು, ಐದರವರೆಗೆ ನಿಂತರೆ ಜೇಡಿ ಸೇರಿದ್ದು, ಐದನ್ನೂ ದಾಟಿ ಜೋತಾಡಿದರೆ ಅಪ್ಪಟ ಜಿಗುಟು. ಬುಡ ಹಸಿರಾಗಿದ್ದ ಮೇಲಿನ ಆ ಎರಡು ಪಟ್ಟಿ ನೆಲದ ಮಣ್ಣು ಎರಡು ಸೆಂಟಿಮೀಟರಿಗೆ ಮುರಿಯಿತು. ಕೆಳ ಅಂಚಿನದು ಏಳು ಸೆಂಟಿಮೀಟರ್ ಆದರೂ ಹಲ್ಲಿ ಬಾಲದಂತೆ ನೇತಾಡುತ್ತಿತ್ತು.

ನೀರು ಇಂಗುವ ಪರೀಕ್ಷೆಗೆ ಸಾಮಾನ್ಯವಾಗಿ ಅಗಲ ಗುಂಡಿ ತೋಡಲು ಹೇಳುತ್ತಾರೆ. 20 ಸೆಂಟಿಮೀಟರ್ ಅಗಲ, 30 ಆಳವಾದರೆ ಒಂದು ಸಲ ತುಂಬಲು 9 ಲೀಟರಿಗಿಂತ ಹೆಚ್ಚು ಬೇಕು. ನೀರು ಹೊತ್ತು ಬಂದವರಿಗೆ ಇದು ದುಬಾರಿ. ಹಾರೆಯಿಂದ ಕುಳಿ ಮಾಡಿ 10 ಸೆಂಟಿಮೀಟರ್ ಅಗಲಕ್ಕೆ ತಂದರೆ ಎರಡೂಕಾಲರಿಂದ ಎರಡೂವರೆ ಲೀಟರಿನಲ್ಲಿ ತುಂಬುತ್ತದೆ. ಮೊದಲ ಸಲ ಸುರಿದದ್ದು ಒಣ ಮಣ್ಣಿನ ಬಾಯಾರಿಕೆಗೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಅದು ಇಂಗಿದ ಮೇಲೆ ಮತ್ತೆ ಸುರಿದು, ಕಡ್ಡಿ ನಿಲ್ಲಿಸಿ, ಒಂದು ಗಂಟೆಗೆ ಎಷ್ಟು ಇಳಿಯಿತು ನೋಡಬೇಕು. ಮೇಲಿನ ಪಟ್ಟಿಯಲ್ಲಿ 4 ಸೆಂಟಿಮೀಟರ್ ಇಳಿಯಿತು, ಚೆನ್ನಾಗಿದೆ. ಎರಡೂವರೆಯಿಂದ ಏಳೂವರೆ ಸೆಂಟಿಮೀಟರಿನೊಳಗೆ ಇದ್ದರೆ ಚಿಂತೆಯಿಲ್ಲ. ಕೆಳ ಅಂಚಿನ ಕುಳಿಯಲ್ಲಿ ಒಂದೇ ಸೆಂಟಿಮೀಟರ್. ಅಲ್ಲಿ ಗುಂಡಿ ತೋಡಿದರೆ ಮಳೆಗಾಲದಲ್ಲಿ ಅದು ಗುಂಡಿಯಾಗಿರುವುದಿಲ್ಲ, ಬೋಗುಣಿಯಾಗಿರುತ್ತದೆ, ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಅಲ್ಲಿನ ನಾಲ್ಕು ಸಸಿಗೆ ನೆಲ ತೋಡುವ ಬದಲು 25 ಸೆಂಟಿಮೀಟರ್ ಎತ್ತರದ ದಿಬ್ಬ ಎಬ್ಬಿಸುವುದೆಂದಾಯಿತು. ಲೆಕ್ಕಕ್ಕೆ 24 ಗುಂಡಿ ಅನ್ನುತ್ತಿದ್ದೇವೆ, ಅದರಲ್ಲಿ ನಾಲ್ಕು ಗುಂಡಿಯೇ ಅಲ್ಲ.

ಸಂಜೆ ಸಾಮಾನೆಲ್ಲ ಟಾರ್ಪಾಲಿನಡಿ ಸೇರಿಸಿ, ಮೇಲೆ ಕಲ್ಲು ಹೇರಿ, ಬರಿಗೈಲಿ ಇಳಿದು ಬಂದೆವು. ಠಿಕಾಣಿ ಬುಡದಲ್ಲೇ. ಮೇಲೆ ಮಲಗಿದರೆ ನಡಿಗೆ ಉಳಿಯುತ್ತದೆ, ಆದರೆ ರಾತ್ರಿಯ ನೀರು, ಹೊದಿಕೆ, ಅಡಿಗೆ ಸಾಮಾನು ಹೊರಬೇಕಾಗುತ್ತದೆ.

ಎರಡನೇ ದಿನ

ಬೆಳಿಗ್ಗೆ ಆರಕ್ಕೇ ಹತ್ತಿದ್ದು ಗಾಳಿ ಏಳುವ ಮುಂಚೆ ಗುಂಡಿಗಳ ಸಾಲಿಗೆ ಸಮಮಟ್ಟದ ಗೆರೆ ಹಾಕಲು. ಎರಡು ಮೀಟರಿನ ಎರಡು ಕೋಲುಗಳ ತುದಿ ಸೇರಿಸಿ ಬಿಗಿದು, ನಡುವೆ ಅಡ್ಡಕೋಲು ಕಟ್ಟಿ, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಟ್ಟರೆ ಮಟ್ಟ ನೋಡುವ ಚೌಕಟ್ಟು ತಯಾರು. ಅಡ್ಡಕೋಲಿನ ನಟ್ಟನಡುವೆ ಗುರುತು ಹಾಕಿಬಿಟ್ಟರೆ ಸಾಲದು, ಕೋಲುಗಳು ಯಾವತ್ತೂ ಸಮ ಇರುವುದಿಲ್ಲ. ಎರಡು ಕಾಲು ಊರಿದ ಜಾಗಕ್ಕೆ ಕಲ್ಲಿಟ್ಟು, ದಾರ ಅಡ್ಡಕೋಲನ್ನು ಎಲ್ಲಿ ಮುಟ್ಟಿತೋ ಅಲ್ಲಿ ಒಂದು ಗೀರು. ನಂತರ ಕಾಲು ಅದಲುಬದಲು ಮಾಡಿ ಅದೇ ಜಾಗದಲ್ಲಿ ಊರಿ ಇನ್ನೊಂದು ಗೀರು. ಎರಡು ಗೀರುಗಳ ನಡುಮಧ್ಯವೇ ನಿಜವಾದ ಸಮಮಟ್ಟ. ಆಮೇಲೆ ಒಂದು ಕಾಲು ಊರಿಟ್ಟು ಇನ್ನೊಂದನ್ನು ಮೇಲೆ ಕೆಳಗೆ ಆಡಿಸುತ್ತಾ, ದಾರ ನಡುಗುರುತಿಗೆ ಬಂದಾಗ ಗೂಟ ಹೊಡೆದು, ಹೆಜ್ಜೆ ಹಾಕಿದಂತೆ ಇಳಿಜಾರಿಗೆ ಅಡ್ಡವಾಗಿ ಸಾಗುವುದು.

ಮೊದಲ ಸಾಲು ಮುಗಿದು ಎರಡನೆಯದರಲ್ಲಿ ಎಡವಿದೆವು. ಅಡ್ಡಕೋಲಿನ ಒಂದು ಕಟ್ಟು ಜಾರಿತ್ತು, ಯಾರೂ ಗಮನಿಸಲಿಲ್ಲ. 30 ಮೀಟರ್ ಸಾಗುವಷ್ಟರಲ್ಲಿ ಗೆರೆ ಒಂದು ಮೊಳದಷ್ಟು ಕೆಳಗೆ ಜಾರಿಬಿಟ್ಟಿತ್ತು. ಗೊತ್ತಾದದ್ದು ಹೇಗೆಂದರೆ, ಸಾಲು ಮುಗಿದ ಮೇಲೆ ಕೊನೆಯ ಗೂಟದಿಂದ ಹಿಂದಕ್ಕೆ ಅಳೆಯುತ್ತಾ ಬಂದಾಗ ಹಳೆಯ ಗೂಟಗಳು ಕೂಡಲಿಲ್ಲ. ಹಿಂದಕ್ಕೆ ಅಳೆಯುವ ಈ ಹತ್ತು ನಿಮಿಷವನ್ನು ಉಳಿಸಲು ಹೋಗಬೇಡಿ. ಗೆರೆ ಒಂದು ಕಡೆ ವಾಲಿದರೆ, ಹರಿವ ನೀರನ್ನು ತಡೆಯಲು ಗುಂಡಿಯ ಕೆಳಗಡೆ ಮಣ್ಣಿನ ಒಡ್ಡು ಕಟ್ಟಿದಾಗ ನೀರು ಇಂಗದೆ ಆ ಒಡ್ಡಿನ ಗುಂಟ ಹರಿದು, ತಗ್ಗಿನ ತುದಿಗೆ ಹೋಗಿ ಅಲ್ಲೇ ಒಡೆಯುತ್ತದೆ. ಕಟ್ಟುವ ಕಡೆ ಕೋಲಿಗೆ ಸಣ್ಣ ಕಚ್ಚು ಹಾಕಿ ಹಗ್ಗ ಕೂರಿಸಿದ ಮೇಲೆ ಮತ್ತೆ ಜಾರಲಿಲ್ಲ. ಒಂಬತ್ತರ ಹೊತ್ತಿಗೆ ಗಾಳಿ ಎದ್ದು ಕಲ್ಲು ತೊಟ್ಟಿಲಾಡತೊಡಗಿತು, ಅರ್ಧ ಕಿಲೋದ ಭಾರದ ಕಲ್ಲಿಗೆ ಬದಲಾಯಿಸಿ ಹೇಗೋ ಮುಗಿಸಿದೆವು.

ಮೂರು ಸಾಲು, ಸಾಲಿಗೆ ಎಂಟು. ಸಾಲಿನಿಂದ ಸಾಲಿಗೆ 4 ಮೀಟರ್, ಸಸಿಯಿಂದ ಸಸಿಗೂ 4 ಮೀಟರ್, ಮೇಲಿನ ಎರಡರ ನಡುವಿಗೆ ಕೆಳಗಿನದು ಒಂದು ಬರುವಂತೆ. ಹೀಗಿಟ್ಟರೆ ಮೇಲಿನ ಸಾಲಿನ ಸಂದಿಯಲ್ಲಿ ನುಸುಳಿದ ನೀರು ಕೆಳಗಿನ ಒಡ್ಡಿಗೆ ಸಿಗುತ್ತದೆ. ಇಳಿಜಾರು ಅಳೆದದ್ದು ಒಂದು ಮೀಟರ್ ಕೋಲನ್ನು ಅರ್ಧ ನೀರು ತುಂಬಿದ ಬಾಟಲಿಯಿಂದ ಮಟ್ಟಕ್ಕೆ ಹಿಡಿದು. ಕೋಲಿನ ತುದಿಯಿಂದ ನೆಲಕ್ಕೆ 18 ಸೆಂಟಿಮೀಟರ್, ಅಂದರೆ ನೂರಕ್ಕೆ 18.

ಗೂಟ ಹೊಡೆಯುವಾಗ ಕುರಿ ಹಿಂಡು ಬಂತು, ಹಿಂದೆ ಕೋಲು ಹೆಗಲಿಗಿಟ್ಟ ಅಜ್ಜ. ಸ್ವಲ್ಪ ಹೊತ್ತು ನಿಂತು ನೋಡಿದರು.

“ಆ ಕೊನೇಲಿ ಯಾಕಪ್ಪಾ ಗೂಟ ಹೊಡೆದ್ರಿ?”

“ಅಲ್ಲಿಂದಲೇ ಸಾಲು ಶುರು ಅಜ್ಜ.”

“ಜೋರು ಮಳೆ ಬಂದ್ರೆ ಆ ಕೊರಕಲು ತುಂಬಿ ಇದೇ ದಾರೀಲಿ ಇಳೀತದೆ. ಈಗ ನೋಡಿದ್ರೆ ಗೊತ್ತಾಗಕಿಲ್ಲ, ಹುಲ್ಲು ಮಲಗಿರೋದು ನೋಡಿ.”

ಹೌದು, ಆ ಎಡತುದಿಯಲ್ಲಿ ಹಳೆಯ ಹುಲ್ಲೆಲ್ಲ ಒಂದೇ ದಿಕ್ಕಿಗೆ ಬಾಚಿದಂತೆ ಒರಗಿತ್ತು, ಬುಡಕ್ಕೆ ಕಸಕಡ್ಡಿ ಸಿಕ್ಕಿಕೊಂಡಿತ್ತು. ನಾವು ಅದರ ಮೇಲೇ ನಡೆದಾಡಿದ್ದೆವು. ಇಡೀ ಮೂರು ಸಾಲನ್ನೂ 8 ಮೀಟರ್ ಬಲಕ್ಕೆ ಸರಿಸಿದೆವು. ಕೊರಕಲಿನ ನೀರನ್ನು ತಡೆದು ಬಳಸೋಣ ಅನ್ನುವ ಆಸೆ ಹುಟ್ಟುತ್ತದೆ, ಆದರೆ ಮೂರು ಜನರ ಗುದ್ದಲಿಗೆ ಅದು ನಿಲುಕುವುದಿಲ್ಲ. ಒಡೆದರೆ ಕೆಳಗಿನದೆಲ್ಲ ಕೊಚ್ಚಿಹೋಗುತ್ತದೆ. ಕುರಿ ಓಡಾಡುವ ದಾರಿ ಎರಡನೇ ಸಾಲಿನ ನಡುವೆ ಹಾಯುತ್ತದೆ ಅಂತಲೂ ಅವರೇ ತೋರಿಸಿದರು. ಅಲ್ಲಿ ಒಂದು ಗೂಟ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟೆವು. ಬೇಲಿಗಿಂತ ದಾರಿ ಬಿಡುವುದು ಅಗ್ಗ.

ಮಧ್ಯಾಹ್ನದಿಂದ ಅಗೆತ. ಸಂಜೆಗೆ ನಾಲ್ಕೇ ಗುಂಡಿ.

ಮೂರನೇ ದಿನ

ಉದ್ದ ಅಗಲ ಆಳ ಮೂರೂ 45 ಸೆಂಟಿಮೀಟರ್. ಒಣಗಿ ಕಟ್ಟಿಕೊಂಡ ನೆಲದಲ್ಲಿ ಒಬ್ಬರಿಗೆ ಒಂದು ಗುಂಡಿಗೆ ಒಂದು ತಾಸು ಹಿಡಿಯಿತು. 60 ಸೆಂಟಿಮೀಟರಿನ ಗುಂಡಿ ಇನ್ನೂ ಚೆನ್ನ ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ: 45ರ ಗುಂಡಿಯಲ್ಲಿ 91 ಲೀಟರ್ ಮಣ್ಣು, 60ರದರಲ್ಲಿ 216. ಎರಡು ಪಟ್ಟಿಗಿಂತ ಹೆಚ್ಚು ಕೆಲಸ. ಅಷ್ಟೇ ಬೆವರಿನಲ್ಲಿ ಚಿಕ್ಕ ಗುಂಡಿ ತೋಡಿ ಅದಕ್ಕೊಂದು ಒಡ್ಡನ್ನೂ ಕಟ್ಟಬಹುದು. ನೀರು ಹೊತ್ತು ಹಾಕಲಾಗದ ಕಡೆ ಒಡ್ಡಿನ ಪಾಲೇ ದೊಡ್ಡದು.

ಗುಂಡಿ ಚೌಕವಾಗಿರಲಿ, ಗುಂಡಗೆ ಬೇಡ. ನುಣುಪಾದ ದುಂಡು ಗೋಡೆಗೆ ತಾಗಿದ ಬೇರು ಒಳಗೇ ಸುತ್ತು ಹಾಕುತ್ತದೆ, ಮೂಲೆ ಸಿಕ್ಕರೆ ಅಲ್ಲಿ ತೂರಿಕೊಳ್ಳುತ್ತದೆ. ಜೇಡಿ ಇರುವ ಕಡೆ ಹಸಿಯಿದ್ದಾಗ ಅಗೆದರೆ ಗುದ್ದಲಿಯ ಅಲಗು ಗೋಡೆಯನ್ನು ಮಡಕೆಯಂತೆ ನಯ ಮಾಡಿಬಿಡುತ್ತದೆ. ಅದಕ್ಕೇ ಮುಗಿದ ಮೇಲೆ ಪಿಕಾಸಿಯ ತುದಿಯಿಂದ ನಾಲ್ಕೂ ಗೋಡೆ ಗೀರಿ, ತಳವನ್ನು ಹಾರೆಯಿಂದ ಇನ್ನೊಂದು ಗೇಣು ಸಡಿಲಿಸಿದೆವು.

ಮೇಲಿನ 20 ಸೆಂಟಿಮೀಟರಿನ ಕಪ್ಪು ಮಣ್ಣನ್ನು ಗುಂಡಿಯ ಮೇಲ್ಗಡೆ ರಾಶಿ ಹಾಕಿ, ಕೆಳಗಿನ ಕೆಂಪು ಗರಸನ್ನು ಕೆಳಗಡೆ. ಕಪ್ಪು ಮಣ್ಣು ವಾಪಸ್ ಗುಂಡಿಗೆ, ಗರಸು ಒಡ್ಡಿಗೆ. ಸುಸ್ತಾದಾಗ ಎರಡೂ ಒಂದೇ ರಾಶಿಗೆ ಬೀಳುತ್ತವೆ. ಮೂರನೇ ದಿನದ ಮಧ್ಯಾಹ್ನ ಎರಡು ಗುಂಡಿಯಲ್ಲಿ ಹಾಗೇ ಆಯಿತು.

ಹತ್ತೂವರೆಗೆ ಪಿಕಾಸಿಯ ಮರದ ಹಿಡಿ ಸಡಿಲವಾಗಿ ತಲೆ ಜಾರತೊಡಗಿತು. ನೀರಲ್ಲಿ ನೆನೆಸಿದರೆ ಮರ ಉಬ್ಬಿ ಬಿಗಿಯಾಗುತ್ತದೆ, ನಿಜ, ಆದರೆ ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಗಟ್ಟಿ ಮರದ ಬೆಣೆ ಸೀಳಿ ಬಡಿದೆವು. ಇನ್ನೆರಡು ಬೆಣೆ ಜೇಬಲ್ಲಿ ಇಟ್ಟುಕೊಂಡದ್ದು ಸಂಜೆಯೊಳಗೆ ಉಪಯೋಗಕ್ಕೆ ಬಂತು.

ಎರಡು ಕಡೆ 25 ಸೆಂಟಿಮೀಟರಿಗೇ ಬಂಡೆ. ಹಾರೆಗೆ ಬಿರುಕು ಸಿಕ್ಕಿದ್ದರೆ ಅಲ್ಲೇ ಬಿಡಬಹುದಿತ್ತು, ಬಿರುಕಿನೊಳಗೆ ಬೇರು ಇಳಿಯುತ್ತದೆ, ಅಲ್ಲಿ ತೇವವೂ ಉಳಿದಿರುತ್ತದೆ. ಒಂದು ಲೋಟ ನೀರು ಸುರಿದು ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ನೀರು ಹಾಗೇ ನಿಂತಿತು. ಅರ್ಧ ತಾಸಿನ ಕೆಲಸ ಹಾಳಾಯಿತಲ್ಲ ಎಂಬ ಸಂಕಟಕ್ಕೆ ಇನ್ನೊಂದು ತಾಸು ಬಂಡೆ ಕುಟ್ಟುವುದು ಬೇಡ ಅಂತ ಒಂದೂವರೆ ಮೀಟರ್ ಪಕ್ಕಕ್ಕೆ ಸರಿದೆವು.

ಸಂಜೆಗೆ ಒಟ್ಟು 15 ಗುಂಡಿ, ಅದರಲ್ಲಿ ಒಂಬತ್ತಕ್ಕೆ ಒಡ್ಡು. ಒಡ್ಡು ಅರ್ಧಚಂದ್ರದಂತೆ, ಬಾಯಿ ಮೇಲಕ್ಕೆ. ತುದಿಯಿಂದ ತುದಿಗೆ ಒಂದೂವರೆ ಮೀಟರ್, ಬುಡದ ಅಗಲ 40 ಸೆಂಟಿಮೀಟರ್, ನಡುವಿನ ಎತ್ತರ 20. ಇದಕ್ಕಿಂತ ದೊಡ್ಡದಕ್ಕೆ ಗುಂಡಿಯ ಗರಸು ಸಾಲುವುದಿಲ್ಲ, ಸುತ್ತಲಿನ ಒಳ್ಳೆಯ ಮಣ್ಣನ್ನೇ ಕೆರೆದು ಕಟ್ಟಬೇಕಾಗುತ್ತದೆ, ಅದು ನಷ್ಟದ ಬಾಬತ್ತು. ಇಳಿಯುವಾಗ ತೆರೆದ ಪ್ರತಿ ಗುಂಡಿಯಲ್ಲೂ ಓರೆಯಾಗಿ ಒಂದು ಕಟ್ಟಿಗೆ ನಿಲ್ಲಿಸಿದೆವು, ಬಿದ್ದ ಜೀವಿ ಹತ್ತಿಬರಲು. ಗೊಬ್ಬರದ ಚೀಲಗಳನ್ನು ಟಾರ್ಪಾಲಿನಿಂದ ಸುತ್ತಿದ್ದು ಪುಣ್ಯ.

ನಾಲ್ಕನೇ ದಿನ

ರಾತ್ರಿ ಹನ್ನೊಂದಕ್ಕೆ ಗುಡುಗು ಶುರುವಾಗಿ ಮುಕ್ಕಾಲು ತಾಸು ಬಿರುಮಳೆ. ನೆಟ್ಟಗಿನ ಗೋಡೆಯ ಚಪ್ಪಟೆ ತಳದ ಡಬ್ಬಿಯೊಂದನ್ನು ಮೇಲೆ ಬಯಲಲ್ಲಿ ಇಟ್ಟಿದ್ದೆವು, ಬೆಳಿಗ್ಗೆ ಅದರಲ್ಲಿ 22 ಮಿಲಿಮೀಟರ್ ನೀರು. ಹೀಗೆ ಅಳೆಯಲು ಬೇರೆ ಉಪಕರಣ ಬೇಡ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್.

ಒಂಬತ್ತು ಒಡ್ಡಿನಲ್ಲಿ ನಾಲ್ಕು ಒಡೆದಿದ್ದವು. ಲೆಕ್ಕ ಹಾಕಿದರೆ ಒಡೆಯದಿದ್ದರೇ ಆಶ್ಚರ್ಯ. ಪ್ರತಿ ಒಡ್ಡಿನ ಮೇಲೆ 4×4, ಅಂದರೆ 16 ಚದರ ಮೀಟರ್ ಇಳಿಜಾರಿದೆ. 22 ಮಿಲಿಮೀಟರಿಗೆ ಅಲ್ಲಿ ಬಿದ್ದದ್ದು 352 ಲೀಟರ್. ಅರ್ಧ ಭಾಗ ಹರಿದು ಬಂದರೂ 176. ತೆರೆದ ಗುಂಡಿಯಲ್ಲಿ 91, ಒಡ್ಡಿನ ಒಳಗೆ 50, ಒಟ್ಟು ಹಿಡಿಸುವುದು 140 ಲೀಟರಿನ ಆಸುಪಾಸು. ಉಳಿದದ್ದು ಸಡಿಲ ಮಣ್ಣಿನ ಮೇಲೆ ಹಾದು ಅಲ್ಲೇ ಕೊರೆಯಿತು. ಕೆರೆಗೆ ಕೋಡಿ ಹೇಗೋ ಹಾಗೆ ಇಷ್ಟು ಪುಟ್ಟ ಒಡ್ಡಿಗೂ ಕೋಡಿ ಬೇಕು. ಒಂದು ತುದಿಯನ್ನು ನಡುವಿನ ನೆತ್ತಿಗಿಂತ ನಾಲ್ಕು ಬೆರಳು ತಗ್ಗಿಸಿ, ಅಲ್ಲಿ ಚಪ್ಪಟೆ ಕಲ್ಲು ಹಾಸಿದೆವು. ಇನ್ನೊಂದು ತಪ್ಪು ಗಡಿಬಿಡಿಯದು: ಸಂಜೆ ಕಟ್ಟಿದ ಒಡ್ಡುಗಳ ಮಣ್ಣನ್ನು ಒಟ್ಟಿಗೇ ಸುರಿದು ಮೇಲಿಂದ ತುಳಿದಿದ್ದೆವು. ಹತ್ತು ಸೆಂಟಿಮೀಟರಿಗೊಂದು ಪದರ ಹಾಕಿ, ಪ್ರತಿ ಪದರವನ್ನೂ ತುಳಿದು ಕಟ್ಟಿದ ಐದೂ ನಿಂತಿದ್ದವು. ಕೋಡಿಯಿಲ್ಲದೆಯೂ ಅವು ನಿಂತದ್ದು ಅದೃಷ್ಟ, ಮುಂದಿನ ಮಳೆಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಮಳೆ ಕೆಡಿಸಿದ್ದಕ್ಕಿಂತ ಕಲಿಸಿದ್ದು ಹೆಚ್ಚು. ಒದ್ದೆ ಮಣ್ಣಿನಲ್ಲಿ ಹಾರೆ ಸಲೀಸಾಗಿ ಇಳಿಯುತ್ತದೆ, ಒಣ ಪದರ ಸಿಕ್ಕ ಕೂಡಲೇ ನಿಲ್ಲುತ್ತದೆ. ಬಯಲಿನಲ್ಲಿ ಹಾರೆ 12 ಸೆಂಟಿಮೀಟರಿಗೆ ನಿಂತಿತು. ನಿಂತ ಒಡ್ಡುಗಳ ಒಳಗೆ 35. ಅದೇ ಮಳೆ, ಅದೇ ಮಣ್ಣು.

ಗುಂಡಿಗಳಿಗೆ ಕೈ ಹಾಕುವ ಮುನ್ನ ಕೋಲಾಡಿಸಿ ನೋಡಿದೆವು. ಎರಡರಲ್ಲಿ ಕಪ್ಪೆ, ಒಂದರಲ್ಲಿ ಚೇಳು. ಉಳಿದ ಐದು ಗುಂಡಿ, ನಾಲ್ಕು ದಿಬ್ಬ, ಒಡೆದ ಒಡ್ಡುಗಳ ರಿಪೇರಿ, ಹನ್ನೊಂದು ಹೊಸ ಒಡ್ಡು. ನೆಲ ಮೆತ್ತಗಾಗಿದ್ದರಿಂದ ಒಂದು ತಾಸು ಹಿಡಿಯುತ್ತಿದ್ದ ಗುಂಡಿ ಮುಕ್ಕಾಲು ತಾಸಿಗೆ ಮುಗಿಯಿತು. ಆದರೆ ದಿಬ್ಬಗಳ ಕಡೆಗೆ ಹೋಗಲೇ ಆಗಲಿಲ್ಲ. ಜಿಗುಟು ಮಣ್ಣು ಗುದ್ದಲಿಗೆ ಮೆತ್ತಿಕೊಂಡು ಮೂರು ಏಟಿಗೊಮ್ಮೆ ಕೆರೆಯಬೇಕಾಯಿತು. ಹಸಿ ಜೇಡಿಯನ್ನು ತುಳಿದರೆ ಒಳಗಿನ ಸಂದುಗಳೆಲ್ಲ ಮುಚ್ಚಿ ಇಟ್ಟಿಗೆಯಾಗುತ್ತದೆ. ಒಂದು ಹಿಡಿ ಉಂಡೆ ಕಟ್ಟಿ ಬೆರಳಲ್ಲಿ ತಟ್ಟಿ ನೋಡಿ, ಪುಡಿಯಾದರೆ ಹದ ಬಂದಿದೆ, ಅಂಟಿಕೊಂಡೇ ಇದ್ದರೆ ಇನ್ನೂ ಬಂದಿಲ್ಲ. ಮರುದಿನ ಮಧ್ಯಾಹ್ನದವರೆಗೆ ಕಾದೆವು.

ಐದನೇ ದಿನ

ಗುಂಡಿ ತುಂಬುವ ದಿನ. ವಾರಗಟ್ಟಲೆ ತೆರೆದಿಟ್ಟು ಬಿಸಿಲಿಗೆ ಒಡ್ಡುವ ಪದ್ಧತಿ ಒಳ್ಳೆಯದೇ, ಆದರೆ ನೋಡಿಕೊಳ್ಳುವವರಿಲ್ಲದ ಕಡೆ ತೆರೆದ ಗುಂಡಿಯಲ್ಲಿ ಕುರಿ ಕಾಲು ಮುರಿದುಕೊಳ್ಳುತ್ತದೆ, ಹಾವು ಓತಿ ಸಾಯುತ್ತವೆ.

ಗುಂಡಿಯ ಕಪ್ಪು ಮಣ್ಣು ಅರ್ಧಕ್ಕೂ ಸಾಲುವುದಿಲ್ಲ, ಗರಸೆಲ್ಲ ಒಡ್ಡಿಗೆ ಹೋಗಿದೆ. ಮೇಲ್ಗಡೆಯ ಎರಡು ಚದರ ಮೀಟರಿನಲ್ಲಿ ಹುಲ್ಲನ್ನು ನೆಲಮಟ್ಟಕ್ಕೆ ಕೊಯ್ದು, ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣು ತೆಳುವಾಗಿ ಹೆರೆದು ತುಂಬಿದೆವು. ಹುಲ್ಲನ್ನು ಬೇರು ಸಹಿತ ಕಿತ್ತದ್ದು ಗುಂಡಿಯ ಸುತ್ತ ಅರ್ಧ ಮೀಟರಿನಲ್ಲಿ ಮಾತ್ರ. ಎಳೆ ಸಸಿಯ ನೀರಿಗೆ ಮೊದಲ ಪಾಲುಗಾರ ಹುಲ್ಲೇ. ಅದರಾಚೆ ಬೇರು ಮಣ್ಣನ್ನು ಹಿಡಿದಿಟ್ಟಿರಲಿ.

ಗೊಬ್ಬರವನ್ನು ತಳಕ್ಕೆ ಸುರಿಯದೆ ಮೇಲಿನ ಮೂರನೇ ಒಂದು ಭಾಗಕ್ಕೆ ಬೆರೆಸಿದೆವು. ತಳದಲ್ಲಿ ಗಾಳಿಯಾಡದೆ ಅದು ಪ್ರಯೋಜನಕ್ಕೆ ಬರುವುದಿಲ್ಲ, ಕರಗಿ ಕುಗ್ಗಿದಂತೆ ಸಸಿಯೂ ಕುಸಿಯುತ್ತದೆ. ಗುಂಡಿಯನ್ನೆಲ್ಲ ಗೊಬ್ಬರದಿಂದಲೇ ತುಂಬಿದರೆ ಬೇರು ಹೊರಗಿನ ಬಡ ಮಣ್ಣಿಗೆ ಹೋಗುವ ಗೋಜಿಗೇ ಹೋಗುವುದಿಲ್ಲ. ಒಣ ಎಲೆಯನ್ನು ಮಣ್ಣಿನೊಳಗೆ ಬೆರೆಸಲೂ ಇಲ್ಲ. ಅದು ಕೊಳೆಯುವಾಗ ಸಾರಜನಕವನ್ನು ತನಗೇ ಎಳೆದುಕೊಳ್ಳುತ್ತದೆ. ಅದರ ಜಾಗ ಮೇಲ್ಮೈ. ತುಂಬಿದ ಮಣ್ಣು ಕೂರುವುದರಿಂದ ನೆಲಕ್ಕಿಂತ ಒಂದು ಮುಷ್ಟಿ ಎತ್ತರಕ್ಕೆ ಬಿಟ್ಟು, ನಟ್ಟನಡುವೆ ಗೂಟ ನೆಟ್ಟೆವು. ಗೂಟವಿಲ್ಲದಿದ್ದರೆ ಆರು ವಾರದ ನಂತರ ಹುಲ್ಲೆದ್ದು ಗುಂಡಿ ಹುಡುಕುವುದೇ ಒಂದು ಕೆಲಸ.

ಗೆದ್ದಲು ಅಲ್ಲಲ್ಲಿ ಕಾಣುತ್ತಿತ್ತು. ಔಷಧಿ ಹಾಕಲಿಲ್ಲ. ಬುರ್ಕಿನಾ ಫಾಸೊ ದೇಶದ ರೈತ ಯಾಕೂಬಾ ಸಾವಡೋಗೊ, 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದವರು, ಗಟ್ಟಿಕಟ್ಟಿದ ಬರಡು ನೆಲದಲ್ಲಿ ಬೇಸಿಗೆಯಲ್ಲೇ ಸಣ್ಣ ಕುಳಿ ತೋಡಿ ಗೊಬ್ಬರ ಹಾಕುತ್ತಿದ್ದರು. ಗೊಬ್ಬರಕ್ಕೆ ಬಂದ ಗೆದ್ದಲು ಕೊರೆದ ಬಿಲಗಳಲ್ಲೇ ಮಳೆನೀರು ಕೆಳಗಿಳಿಯುತ್ತಿತ್ತು. ಗೆದ್ದಲಿನ ಕಾಟ ಶುರುವಾಗುವುದು ಒಣ ಹುಲ್ಲು ಕಾಂಡಕ್ಕೆ ತಾಗಿದಾಗ. ಹೊದಿಕೆ ಹಾಕುವಾಗ ಕಾಂಡದ ಸುತ್ತ ಒಂದು ಅಂಗೈ ಅಗಲ ಬಿಟ್ಟರೆ ಆಯಿತು.

ಹೊದಿಕೆಯನ್ನು ಆವತ್ತೇ ಹಾಕಲಿಲ್ಲ. ಒಣ ನೆಲದ ಮೇಲೆ ದಪ್ಪ ಹುಲ್ಲು ಹೊದಿಸಿದರೆ ಸಣ್ಣ ಮಳೆಗಳನ್ನೆಲ್ಲ ಅದೇ ಕುಡಿದುಬಿಡುತ್ತದೆ. ಬೀಜ ಕಟ್ಟದ ಹುಲ್ಲು ಆರಿಸಿ ಕೊಯ್ದು, ಗುಂಡಿಗೊಂದು ಕಂತೆ ಮಾಡಿ, ಗಾಳಿಗೆ ಹಾರದಂತೆ ಕಲ್ಲಿಟ್ಟು ಬಂದೆವು.

ಕೊನೆಗೆ ಟಾರ್ಪಾಲು. ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲ, ಮೊಣಕಾಲು ಮುಳುಗದಷ್ಟು ಆಳದ ತಗ್ಗು ತೋಡಿ ಅದರಲ್ಲಿ ಹಾಸಿ, ಅಂಚಿಗೆ ಕಲ್ಲು ಹೇರಿ, ಕೊಂಬೆ ಮುಚ್ಚಿದೆವು. ನೆಡುವ ದಿನಕ್ಕೆ ನೀರು ಸಿದ್ಧವಿರಲಿ ಎಂದು.

ಆರು ವಾರದ ನಂತರ, ಒಂದು ದಿನ

ಮಳೆ ಬಂದ ತಕ್ಷಣ ಓಡಬಾರದು. ಮೊದಲ ಮಳೆಗೆ ಮೇಲಿನ ಒಂದು ಗೇಣು ಮಾತ್ರ ನೆನೆದಿರುತ್ತದೆ, ಆಮೇಲೆ ಹತ್ತು ದಿನ ಮಳೆ ಕೈಕೊಟ್ಟರೆ ಸಸಿ ಒಣಗುತ್ತದೆ. ಹಾರೆ 40 ಸೆಂಟಿಮೀಟರ್ ಸಲೀಸಾಗಿ ಇಳಿದ ಮೇಲೆಯೇ ಸಸಿ ಮೇಲೇರಿದ್ದು. ಮೊಣಕಾಲೆತ್ತರದ ಸಣ್ಣ ಸಸಿಗಳು. ಎತ್ತರದ ಸಸಿಗೆ ಎಲೆ ಹೆಚ್ಚು, ಆದರೆ ಪ್ಲಾಸ್ಟಿಕ್ ತೊಟ್ಟೆಯೊಳಗಿನ ಬೇರು ಅಷ್ಟೇ, ನೀರು ಹಾಕುವವರಿಲ್ಲದ ಕಡೆ ಅದೇ ಮೊದಲು ಸೊರಗುತ್ತದೆ. ಒಂದೊಂದು ತೊಟ್ಟೆ ಒಂದೂವರೆ ಕಿಲೋ, 24ಕ್ಕೆ 36. ಹಿಂದಿನ ರಾತ್ರಿ ಪೂರ್ತಿ ನೆನೆಸಿ, ಬೆಳಿಗ್ಗೆ ನೀರು ಬಸಿದ ಮೇಲೆ ಚೀಲದಲ್ಲಿ ನೆಟ್ಟಗೆ ಕೂರಿಸಿ ಹೊತ್ತೆವು. ಕಾಂಡ ಹಿಡಿದು ಎತ್ತಿದರೆ ಬೇರಿನ ಮಣ್ಣು ಬಿರಿಯುತ್ತದೆ.

ಮೇಲೆ ಹೋಗಿ ನೋಡಿದರೆ ಟಾರ್ಪಾಲಿನಲ್ಲಿ ನೀರಿಲ್ಲ. ಕೊಂಬೆಗಳು ಪಕ್ಕಕ್ಕೆ ಬಿದ್ದಿದ್ದವು, ತಳದಲ್ಲಿ ಗೊರಸಿನ ಅಳತೆಯ ತೂತುಗಳು. ಕುರಿ ಕುಡಿಯಲು ಇಳಿದಿವೆ. ತಪ್ಪು ಕುರಿಯದಲ್ಲ, ಬಾಯಾರಿದ ಬೆಟ್ಟದಲ್ಲಿ ತೆರೆದ ನೀರು ಇಟ್ಟು ಬರಿ ಕೊಂಬೆ ಮುಚ್ಚಿದ್ದು ನಾವು. ಮುಳ್ಳು ಹೇರಬೇಕಿತ್ತು. ಕೊರಕಲಿನಲ್ಲಿ ಇನ್ನೂ ನೀರು ಜಿನುಗುತ್ತಿದ್ದುದರಿಂದ ಕೆಲಸ ನಿಲ್ಲಲಿಲ್ಲ, ಆದರೆ 48 ಲೀಟರನ್ನು ಬಾಂಡ್ಲಿಯಲ್ಲಿ ತುಳುಕಿಸಿಕೊಂಡು ಹೊರುವುದರಲ್ಲಿ ಎರಡು ತಾಸು ಹೋಯಿತು.

ತೊಟ್ಟೆಯನ್ನು ಉದ್ದಕ್ಕೆ ಸೀಳಿ ತೆಗೆದು, ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಒಂದೆರಡು ಸೆಂಟಿಮೀಟರ್ ಕತ್ತರಿಸಿ, ಕಾಂಡ ಮತ್ತು ಬೇರು ಸೇರುವ ಕತ್ತು ಸರಿಯಾಗಿ ನೆಲಮಟ್ಟಕ್ಕೆ ಬರುವಂತೆ ಕೂರಿಸಿದೆವು. ಕತ್ತು ಹೂತರೆ ತೊಗಟೆ ಕೊಳೆಯುತ್ತದೆ, ಮೇಲೆ ನಿಂತರೆ ಬೇರು ಒಣಗುತ್ತದೆ. ಹಿಮ್ಮಡಿಯಿಂದ ಮೆಲ್ಲಗೆ ಒತ್ತಿ ಎರಡು ಲೀಟರ್ ನೀರು. ನೆಲ ಒದ್ದೆಯಿದ್ದರೂ ಇದು ಬೇಕು, ಬೇರಿನ ಸುತ್ತ ಉಳಿದ ಗಾಳಿಯ ಸಂದನ್ನು ಮುಚ್ಚುವುದು ಕಾಲಲ್ಲ, ನೀರು. ಆಮೇಲೆ ನಾಲ್ಕು ಬೆರಳು ದಪ್ಪ ಹುಲ್ಲಿನ ಹೊದಿಕೆ, ಅದರ ಮೇಲೆ ಚಪ್ಪಟೆ ಕಲ್ಲು. ಕುರಿದಾರಿಯ ಪಕ್ಕದ ಆರಕ್ಕೆ ಮುಳ್ಳುಕೊಂಬೆಯ ಬುಡವನ್ನು ಒಂದು ಗೇಣು ಹೂತು ಸುತ್ತ ನಿಲ್ಲಿಸಿದೆವು.

ಕೋಡಿ ಇಟ್ಟ ಒಡ್ಡುಗಳಲ್ಲಿ ಒಂದೂ ಒಡೆದಿರಲಿಲ್ಲ. ಎರಡು ಹೂಳಿನಿಂದ ಅರ್ಧ ತುಂಬಿದ್ದವು, ಅದನ್ನು ಎತ್ತಿ ಒಡ್ಡಿನ ಮೇಲೇ ಹಾಕಿದೆವು. ಮಣ್ಣು ಬೆರಕೆಯಾಗಿದ್ದ ಆ ಎರಡು ಗುಂಡಿಗಳ ಮೇಲ್ಮೈ ಮಾತ್ರ ಹಪ್ಪಳದಂತೆ ಹೆಪ್ಪುಗಟ್ಟಿತ್ತು, ಗುದ್ದಲಿಯ ಮೂಲೆಯಿಂದ ಒಡೆದು ನೆಟ್ಟೆವು. ಜಿಗುಟು ಮಣ್ಣಿನ ನಾಲ್ಕು ದಿಬ್ಬದ ಬುಡದಲ್ಲಿ ನೀರು ನಿಂತಿತ್ತು, ನೆತ್ತಿಯಲ್ಲಿ ಹದ ಸರಿಯಾಗಿತ್ತು.

ಇಳಿಯುವ ಮುನ್ನ ಪ್ಲಾಸ್ಟಿಕ್ ತೊಟ್ಟೆ ಎಣಿಸಿದೆವು. 22. ಇನ್ನೆರಡು ಹುಡುಕಲು ಮೂರೂ ಸಾಲು ಮತ್ತೆ ನಡೆದೆವು. ಒಂದು ಹೊದಿಕೆಯ ಹುಲ್ಲಿನಡಿ ಸಿಕ್ಕಿತು. ಇನ್ನೊಂದು ಮೂರನೇ ಸಾಲಿನ ಏಳನೆಯದರಲ್ಲಿ, ಸೀಳಿದ್ದರೂ ತೆಗೆಯದೆ ಸಸಿಯ ಜೊತೆಗೇ ಹೂತಿತ್ತು. ಕಲ್ಲು ಸರಿಸಿ, ಹುಲ್ಲು ಸರಿಸಿ, ಅದೊಂದನ್ನು ಮತ್ತೆ ನೆಟ್ಟು, ತೂತು ಬಿದ್ದ ಟಾರ್ಪಾಲನ್ನು ಮಡಚಿ ಹೊತ್ತು ಇಳಿದೆವು.